ಕಾಕಾ ಅವರ ಹಳೆಯ ಡಿಸ್ಕು ಒಂದೇ ಫೈಲಾಗಿ ಬಂದ ಬಗೆ

ಕೊಪ್ಪಳದ ಜವಾಹರ ರಸ್ತೆಯಿಂದ ಒಳಗೆ ಹೊರಳುವ ಓಣಿಯೊಂದರಲ್ಲಿ ನನ್ನ ಕಾಕಾ 1999ರಿಂದ ಡಿಟಿಪಿ ಅಂಗಡಿ ನಡೆಸುತ್ತಿದ್ದಾರೆ. ಅದಕ್ಕೂ ಎರಡು ವರ್ಷ ಹಿಂದೆ, 1997ರಲ್ಲಿ, ಕೊಪ್ಪಳವು ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾಗಿತ್ತು. ಲೆಟರ್‌ಹೆಡ್‌ಗಳಲ್ಲಿಯೂ ರಶೀದಿ ಪುಸ್ತಕಗಳಲ್ಲಿಯೂ ‘ಜಿ. ರಾಯಚೂರು’ ಎಂದಿದ್ದುದನ್ನು ‘ಜಿ. ಕೊಪ್ಪಳ’ ಎಂದು ತಿದ್ದಿಸಿಕೊಳ್ಳಲು ಬಂದವರೇ ತಮ್ಮ ಮೊದಲ ಗಿರಾಕಿಗಳು ಎಂದು ಕಾಕಾ ಈಗಲೂ ನೆನೆಯುತ್ತಾರೆ. ಆಮೇಲೆ ಲಗ್ನಪತ್ರಿಕೆ, ಗವಿಮಠದ ಜಾತ್ರೆಯ ಕಾಲಕ್ಕೆ ಕರಪತ್ರ, ಶಾಲೆಯ ವಾರ್ಷಿಕೋತ್ಸವದ ಆಮಂತ್ರಣ, ಶ್ರದ್ಧಾಂಜಲಿ ಎಂದು ಊರಿನ ಸುಖದುಃಖಗಳೆಲ್ಲ ಆ ಅಂಗಡಿಯ ಕಂಪ್ಯೂಟರನ್ನು ಹಾದುಹೋಗಿವೆ. 2005ರಲ್ಲಿ ಕೊಂಡ ಆ ಕಂಪ್ಯೂಟರನ್ನು ಈ ಬೇಸಿಗೆಯಲ್ಲಿ ಬದಲಿಸಬೇಕಾಯಿತು. ಅದರಲ್ಲಿದ್ದುದನ್ನೆಲ್ಲ ಒಂದೇ ವರ್ಚುವಲ್ ಡಿಸ್ಕ್ ಫೈಲಾಗಿ ಹೊಸ ಲ್ಯಾಪ್‌ಟಾಪಿಗೆ ಸಾಗಿಸಿದ ಕೆಲಸವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇಂಥ ಹಳೆಯ ಯಂತ್ರ ನಮ್ಮ ಭಾಗದ ಎಷ್ಟೋ ಅಂಗಡಿ, ಅಡತಿ, ಶಾಲೆಗಳ ಮೂಲೆಯಲ್ಲಿ ಇನ್ನೂ ಇದೆ, ಮತ್ತು ಅದರ ಡಿಸ್ಕು ಯಾವ ದಿನ ನಿಲ್ಲುತ್ತದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ.

ನಾನು ಅಂಗಡಿಗೆ ಹೋದ ದಿನ ಕಾಕಾ ಹಳೆಯ ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ನಾಲ್ಕು ಫೋಲ್ಡರುಗಳ ಹೆಸರು ಬರೆದು ಕೈಗೆ ಕೊಟ್ಟರು. “ಇವ್ ನಾಕು ಬಂದ್ರ ಸಾಕು ನೋಡು ತಮ್ಮಾ, ಉಳಿದದ್ದೆಲ್ಲಾ ಹಾಳು ಮೂಳು” ಎಂದರು. ಎಲ್ಲರೂ ಹೀಗೆಯೇ ಹೇಳುತ್ತಾರೆ, ಎಲ್ಲರೂ ಹೀಗೆಯೇ ಮಾಡುತ್ತಾರೆ: ಪೆನ್ ಡ್ರೈವ್ ಚುಚ್ಚಿ, ನೆನಪಿಗೆ ಬಂದ ಫೋಲ್ಡರುಗಳನ್ನು ನಕಲು ಮಾಡಿಕೊಂಡು, ಹಳೆಯ ಸಿಪಿಯುವನ್ನು ಗುಜರಿಗೆ ಕೊಟ್ಟುಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ತಪ್ಪು ನಡೆಯುವುದು ಇಲ್ಲಿಯೇ. ಯಾವುದು ಬೇಕು, ಯಾವುದು ಬೇಡ ಎಂಬುದನ್ನು ಸಾಮಾನು ಸಾಗಿಸುವ ದಿನವೇ ತೀರ್ಮಾನಿಸಬಾರದು. ಮೊದಲು ಇಡೀ ಡಿಸ್ಕನ್ನು ಇದ್ದದ್ದು ಇದ್ದಂತೆ ಎತ್ತಿಕೊಳ್ಳಬೇಕು, ಆರಿಸುವ ಕೆಲಸವನ್ನು ಆಮೇಲೆ ಸಾವಕಾಶವಾಗಿ ಮಾಡಬೇಕು. ಹಾಗೆ ಎತ್ತಿಕೊಳ್ಳಲು ವರ್ಚುವಲ್ ಡಿಸ್ಕ್ ಫೈಲಿನಷ್ಟು ಅನುಕೂಲವಾದ ವಸ್ತು ಇನ್ನೊಂದಿಲ್ಲ.

ವರ್ಚುವಲ್ ಡಿಸ್ಕ್ ಫೈಲ್ ಎಂದರೆ ಹೊರಗಿನಿಂದ ನೋಡಿದರೆ ಒಂದೇ ಒಂದು ದೊಡ್ಡ ಫೈಲು. ಒಳಗೆ ಮಾತ್ರ ಅದು ಪೂರ್ತಿ ಹಾರ್ಡ್ ಡಿಸ್ಕ್: ಪಾರ್ಟಿಶನ್‌ಗಳ ಪಟ್ಟಿ, ಸಿ ಮತ್ತು ಡಿ ಡ್ರೈವ್‌ಗಳು, ಫೋಲ್ಡರುಗಳು, ಅಡಗಿಸಿಟ್ಟ ಸಿಸ್ಟಂ ಫೈಲುಗಳು, ಪ್ರತಿ ಫೈಲಿನ ದಿನಾಂಕ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿಯೇ ಇರುತ್ತವೆ. ಇಂಥ ಫೈಲುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಎಚ್‌ಡಿ (ವರ್ಚುವಲ್ ಹಾರ್ಡ್ ಡಿಸ್ಕ್) ಮಾದರಿಯನ್ನು ರೂಪಿಸಿದ್ದು ಕನೆಕ್ಟಿಕ್ಸ್ ಎಂಬ ಕಂಪನಿ. ಅವರ ವರ್ಚುವಲ್ ಪಿಸಿ ತಂತ್ರಾಂಶವನ್ನು 2003ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಾಗ ಈ ಮಾದರಿಯೂ ಅದರ ಜತೆಗೆ ಬಂತು. 2009ರ ವಿಂಡೋಸ್ 7ರಿಂದ ಈಚೆಗೆ ಬೇರೆ ಯಾವ ತಂತ್ರಾಂಶವೂ ಇಲ್ಲದೆ ವಿಂಡೋಸ್ ಈ ಫೈಲನ್ನು ಡಿಸ್ಕಿನಂತೆ ತೆರೆಯಬಲ್ಲದು, ವಿಂಡೋಸ್ 8ರಿಂದ ಈಚೆಗಂತೂ ಎರಡು ಸಲ ಕ್ಲಿಕ್ ಮಾಡಿದರೆ ಸಾಕು. ಆಗಲೇ ಬಂದ ವಿಎಚ್‌ಡಿಎಕ್ಸ್ ಎಂಬ ಹೊಸ ಮಾದರಿ 64 ಟಿಬಿಯಷ್ಟು ದೊಡ್ಡ ಡಿಸ್ಕನ್ನು ಹಿಡಿಯುತ್ತದೆ. ಹಳೆಯ ವಿಎಚ್‌ಡಿಯ ಮಿತಿ ಸುಮಾರು 2 ಟಿಬಿ, ಕಾಕಾ ಅವರ 80 ಜಿಬಿ ಡಿಸ್ಕಿಗೆ ಅದೇ ಬೇಕಾದಷ್ಟಾಯಿತು. ವಿಎಚ್‌ಡಿ ಫೈಲಿನ ಕೊನೆಯ 512 ಬೈಟುಗಳನ್ನು ತೆರೆದು ನೋಡಿದರೆ ಅದರ ಮೊದಲಿಗೆ ಆ ಹಳೆಯ ಕಂಪನಿಯ ಹೆಸರು ಇಂದಿಗೂ ಕಾಣುತ್ತದೆ. ಹೆಸರಿನಲ್ಲಿ ಎರಡು ‘ಎನ್’ ಇರಬೇಕಾದ ಕಡೆ ಒಂದೇ ಇದೆ, ಏಕೆಂದರೆ ಅಲ್ಲಿರುವುದು ಎಂಟು ಬೈಟಿನ ಜಾಗ ಮಾತ್ರ. ಇದನ್ನು ಕಾಕಾ ಅವರಿಗೆ ತೋರಿಸಿದಾಗ, ಜೀವಮಾನವಿಡೀ ಪ್ರೂಫ್ ನೋಡಿದ ಅವರ ಕಣ್ಣು ಬಹಳ ಹೊತ್ತು ಅಲ್ಲಿಯೇ ನಿಂತಿತ್ತು.

ಈಗ ಕೆಲಸದ ವಿಷಯ. ಹಳೆಯ ಕಂಪ್ಯೂಟರು ಚೆನ್ನಾಗಿ ನಡೆಯುತ್ತಿದ್ದರೆ ಅದರ ಮೇಲೆಯೇ ಡಿಸ್ಕ್‌ಟುವಿಎಚ್‌ಡಿ ಎಂಬ ಪುಟ್ಟ ತಂತ್ರಾಂಶವನ್ನು ಓಡಿಸಿ, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ನೇರವಾಗಿ ವಿಎಚ್‌ಡಿ ತೆಗೆಯಬಹುದು. ಇದು ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ವಿಭಾಗದವರು 2009ರಲ್ಲಿ ಉಚಿತವಾಗಿ ಕೊಟ್ಟ ಸಾಧನ. ವಿಂಡೋಸ್ ಓಡುತ್ತಿರುವಾಗಲೇ, ತೆರೆದಿರುವ ಫೈಲುಗಳೂ ಸೇರಿದಂತೆ, ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟುಕೊಳ್ಳುವ ಶ್ಯಾಡೋ ಕಾಪಿ ಸೌಲಭ್ಯವನ್ನು ಇದು ಬಳಸಿಕೊಳ್ಳುತ್ತದೆ. ಇತ್ತೀಚಿನ ಆವೃತ್ತಿ ಕಾಕಾ ಅವರ ಕಂಪ್ಯೂಟರಿನಲ್ಲಿದ್ದ ಹಳೆಯ ವಿಂಡೋಸ್ ಎಕ್ಸ್‌ಪಿಯಲ್ಲಿ ನಡೆಯುವುದಿಲ್ಲವಾದ್ದರಿಂದ ಮೊದಲಿನ ಆವೃತ್ತಿಗಳಲ್ಲೊಂದು ಬೇಕಾಗುತ್ತದೆ. ನಾನು ಇದೇ ದಾರಿಯಿಂದ ಆರಂಭಿಸಿ ಎರಡು ಕಡೆ ಎಡವಿದೆ.

ಮೊದಲನೆಯದು ಸಣ್ಣ ವಿಷಯ. ಒಯ್ದಿದ್ದ ಡಿಸ್ಕಿನಲ್ಲಿ 200 ಜಿಬಿ ಖಾಲಿ ಜಾಗವಿದ್ದರೂ 4 ಜಿಬಿ ತುಂಬುತ್ತಲೇ ಜಾಗವಿಲ್ಲವೆಂಬ ಸಂದೇಶ ಬಂತು. ಆ ಡಿಸ್ಕು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿತ್ತು, ಆ ಮಾದರಿಯಲ್ಲಿ ಒಂದು ಫೈಲು 4 ಜಿಬಿಯನ್ನು ಮುಟ್ಟಲಾರದು. ಎನ್‌ಟಿಎಫ್‌ಎಸ್‌ಗೆ ಬದಲಿಸಿದ ಮೇಲೆ ಆ ತೊಂದರೆ ನೀಗಿತು. ಎರಡನೆಯದು ಸಣ್ಣದಾಗಿರಲಿಲ್ಲ. ನಕಲು ಅರ್ಧ ದಾಟಿದ ಮೇಲೆ ಹಳೆಯ ಡಿಸ್ಕಿನಿಂದ ಟಕ್ ಟಕ್ ಎಂದು ಲಯ ಹಿಡಿದ ಸದ್ದು ಆರಂಭವಾಯಿತು, ಪರದೆ ನಿಂತಿತು, ಓದಲಾಗದ ಸೆಕ್ಟರುಗಳು, ಅಂದರೆ ಡಿಸ್ಕಿನ ಸಣ್ಣ ಸಣ್ಣ ತುಣುಕುಗಳು, ಇವೆ ಎಂಬ ದೋಷ ಬಂತು. ಅದು ಏಪ್ರಿಲ್ ಕೊನೆಯ ಮಧ್ಯಾಹ್ನ, ಹೊರಗೆ ಬಿಸಿಲು 40 ಡಿಗ್ರಿ ದಾಟಿತ್ತು, ಮುಚ್ಚಿದ ಸಿಪಿಯು ಡಬ್ಬಿಯ ಮೇಲೆ ಕೈ ಇಡಲು ಆಗುತ್ತಿರಲಿಲ್ಲ. ನಾನು ಕಂಪ್ಯೂಟರನ್ನು ಬಂದ್ ಮಾಡಿದೆ. ಮತ್ತೆ ಹಚ್ಚಿದ್ದರೆ ಎಕ್ಸ್‌ಪಿ ತಾನಾಗಿಯೇ ಡಿಸ್ಕನ್ನು ಪರೀಕ್ಷಿಸಲು ಹೊರಡುತ್ತಿತ್ತು, ಸಿಕ್ಕ ತುಣುಕುಗಳನ್ನು ತನಗೆ ತಿಳಿದಂತೆ ತಿದ್ದಿ ಡಿಸ್ಕಿನ ಮೇಲೆಯೇ ಬರೆಯುತ್ತಿತ್ತು. ಸಾಯುತ್ತಿರುವ ಡಿಸ್ಕಿನ ಮೇಲೆ ಏನನ್ನೂ ಬರೆಯಗೊಡಬಾರದು. ದುರಸ್ತಿಯ ಮಾತೆಲ್ಲ ನಕಲು ಕೈಗೆ ಬಂದ ಮೇಲಿನದು.

ಆ ರಾತ್ರಿ ಡಿಸ್ಕನ್ನು ಬಿಚ್ಚಿ ಹೊರತೆಗೆದೆ. 2005ರ ಯಂತ್ರವಾದ್ದರಿಂದ ಅದು ಐಡಿಇ ಡಿಸ್ಕು: ಹಿಂದೆ ಎರಡು ಸಾಲಿನ ಸೂಜಿಗಳ ಅಗಲವಾದ ಬಾಯಿ, ಪಕ್ಕದಲ್ಲಿ ನಾಲ್ಕು ದಪ್ಪ ಸೂಜಿಗಳ ಕರೆಂಟಿನ ಬಾಯಿ, ಎರಡರ ನಡುವೆ, ಈ ಡಿಸ್ಕು ಒಂದನೆಯದೋ (‘ಮಾಸ್ಟರ್’) ಎರಡನೆಯದೋ (‘ಸ್ಲೇವ್’) ಎಂದು ಯಂತ್ರಕ್ಕೆ ಹೇಳುವ, ಉಗುರಿನಷ್ಟು ಚಿಕ್ಕ ಜಂಪರ್. ಅದು ‘ಸ್ಲೇವ್’ ಸ್ಥಾನದಲ್ಲಿತ್ತು. ಚಿಮಟಿಗೆಯಿಂದ ಎತ್ತಿ, ಡಿಸ್ಕಿನ ಮೇಲಿನ ಚೀಟಿಯಲ್ಲಿದ್ದ ಚಿತ್ರ ನೋಡಿಕೊಂಡು, ‘ಮಾಸ್ಟರ್’ಗೆ ಸರಿಸಿದ ಮೇಲಷ್ಟೇ ಯುಎಸ್‌ಬಿ ಅಡಾಪ್ಟರಿಗೆ ಅದು ಕಾಣಿಸಿತು. ಈ ಅಡಾಪ್ಟರು ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗುತ್ತದೆ, ಆದರೆ ಕೊಳ್ಳುವಾಗ ಪ್ರತ್ಯೇಕ ಪವರ್ ಅಡಾಪ್ಟರ್ ಜತೆಗಿದೆಯೇ ಎಂದು ನೋಡಿಕೊಳ್ಳಬೇಕು. ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಯುಎಸ್‌ಬಿಯ 5 ವೋಲ್ಟಿನಿಂದ ಅದು ತಿರುಗುವುದಿಲ್ಲ.

ಅಡಾಪ್ಟರನ್ನು ವಿಂಡೋಸ್‌ಗೆ ಜೋಡಿಸದೆ, ಪೆನ್ ಡ್ರೈವಿನಿಂದ ಲಿನಕ್ಸ್ ಹಚ್ಚಿ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶವನ್ನು ಬಳಸಿದೆ. ಕೆಟ್ಟ ಡಿಸ್ಕಿನ ಮುಂದೆ ಇದು ತೋರುವ ವಿವೇಕ ದೊಡ್ಡದು. ಓದಲಾಗದ ಜಾಗ ಎದುರಾದರೆ ಅಲ್ಲಿಯೇ ಹಟ ಹಿಡಿದು ಕೂರದೆ ದಾಟಿ ಮುಂದೆ ಹೋಗುತ್ತದೆ. ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಎತ್ತಿಕೊಂಡು, ಆಮೇಲೆ ಬಿಟ್ಟುಬಂದ ಜಾಗಗಳಿಗೆ ಹಿಂತಿರುಗಿ ಚೂರು ಚೂರಾಗಿ ಪ್ರಯತ್ನಿಸುತ್ತದೆ. ಎಲ್ಲಿಯವರೆಗೆ ಆಗಿದೆ, ಎಲ್ಲಿ ಉಳಿದಿದೆ ಎಂಬುದನ್ನು ಒಂದು ಪ್ರತ್ಯೇಕ ಫೈಲಿನಲ್ಲಿ ಬರೆದಿಡುತ್ತ ಹೋಗುವುದರಿಂದ ನಡುವೆ ಕರೆಂಟು ಹೋದರೂ ಕೆಲಸ ಮೊದಲಿನಿಂದ ಆರಂಭವಾಗುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಕೆಲಸ ಮಾಡುವವರಿಗೆ ಈ ಗುಣದ ಬೆಲೆ ಹೇಳಬೇಕಾಗಿಲ್ಲ, ಆ ರಾತ್ರಿಯೇ ಎರಡು ಸಲ ಕರೆಂಟು ಹೋಯಿತು. ಡಿಸ್ಕನ್ನು ಮರದ ಹಲಗೆಯ ಮೇಲಿಟ್ಟು ಟೇಬಲ್ ಫ್ಯಾನನ್ನು ಅದರತ್ತ ತಿರುಗಿಸಿದ್ದೆ. ಬೆಳಗಿನ ಜಾವದ ಹೊತ್ತಿಗೆ 80,02,63,61,856 ಬೈಟುಗಳ ಡಿಸ್ಕಿನಲ್ಲಿ 48 ಕೆಬಿಯಷ್ಟು ಬಿಟ್ಟು ಉಳಿದುದೆಲ್ಲ ಬಂದಿತ್ತು. ಪೆಟ್ಟಿಗೆಯ ಮೇಲೆ 80 ಜಿಬಿ ಎಂದಿರುವ ಡಿಸ್ಕನ್ನು ವಿಂಡೋಸ್ 74.5 ಎಂದು ತೋರಿಸುವುದನ್ನು ಕಂಡು ಕೆಲವರು ಉಳಿದದ್ದು ಕಳೆದುಹೋಯಿತೆಂದು ಗಾಬರಿಯಾಗುತ್ತಾರೆ. ಒಬ್ಬರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಇನ್ನೊಬ್ಬರು 1024ರ ಲೆಕ್ಕದಲ್ಲಿ, ಬೈಟುಗಳು ಎರಡರಲ್ಲಿಯೂ ಅಷ್ಟೇ.

ಡಿಡಿರೆಸ್ಕ್ಯೂ ಕೊಡುವುದು ಯಾವ ತಲೆಬರಹವೂ ಇಲ್ಲದ ಹಸಿ ನಕಲು. ಅದನ್ನು ವಿಎಚ್‌ಡಿಯಾಗಿ ಪರಿವರ್ತಿಸಲು, ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಓಡಿಸುವ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದ ಜತೆಗೆ ಬರುವ ವಿಬಾಕ್ಸ್‌ಮ್ಯಾನೇಜ್ ಎಂಬ ಸಾಧನ ಸಾಕು, ಒಂದೇ ಸಾಲಿನ ಆದೇಶ. ಹೀಗೆ ಬಂದ ಫೈಲನ್ನು ಕಂಪ್ರೆಸ್ ಮಾಡಿದ ಫೋಲ್ಡರಿನಲ್ಲಿಟ್ಟರೆ ವಿಂಡೋಸ್ ಅದನ್ನು ಡಿಸ್ಕಾಗಿ ಜೋಡಿಸಲು ಒಪ್ಪುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು. ಪರಿವರ್ತನೆ ಮುಗಿದ ಕೂಡಲೇ ನಾನು ಫೈಲಿನ ಎಸ್‌ಎಚ್‌ಎ-256 ಮೊತ್ತವನ್ನು, ಅಂದರೆ ಆ ಫೈಲಿನ ಬೆರಳಚ್ಚಿನಂತಿರುವ 64 ಅಕ್ಷರಗಳನ್ನು, ಲೆಕ್ಕ ಹಾಕಿ ಅಂಗಡಿಯ ದಿನಚರಿಯಲ್ಲಿ ಬರೆಸಿದೆ. ಮುಂದೆ ಯಾವತ್ತಾದರೂ ಮತ್ತೆ ಲೆಕ್ಕ ಹಾಕಿದಾಗ ಅದೇ ಮೊತ್ತ ಬಂದರೆ ಒಂದು ಬಿಟ್ಟೂ ಅಲುಗಿಲ್ಲವೆಂದು ಅರ್ಥ.

ತೆರೆಯುವ ಕ್ರಮದ ಬಗ್ಗೆ ಸ್ವಲ್ಪ ಒತ್ತಿ ಹೇಳಬೇಕು. ಎರಡು ಸಲ ಕ್ಲಿಕ್ ಮಾಡಿ ತೆರೆದರೆ ವಿಂಡೋಸ್ ಆ ವಿಎಚ್‌ಡಿಯೊಳಗೆ ಬರೆಯಲೂಬಹುದು, ನಮಗೆ ತಿಳಿಯದಂತೆ ಮೂಲ ಬದಲಾಗುತ್ತದೆ. ಅದಕ್ಕೆ ಬದಲಾಗಿ ವಿಂಡೋಸಿನದೇ ಆದ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ಮೇಲಿನ ಪಟ್ಟಿಯಲ್ಲಿ ವಿಎಚ್‌ಡಿ ಜೋಡಿಸುವ ಆಯ್ಕೆ ತೆಗೆದು, ‘ರೀಡ್ ಓನ್ಲಿ’ ಎಂಬ ಚೌಕಕ್ಕೆ ಗುರುತು ಹಾಕಿ ಜೋಡಿಸಬೇಕು. ಆಗ ಹಳೆಯ ಡಿಸ್ಕಿನ ಡ್ರೈವ್‌ಗಳು ಬೇರೆ ಅಕ್ಷರಗಳನ್ನು ಹೊತ್ತು ಕಾಣಿಸಿಕೊಳ್ಳುತ್ತವೆ. ಇಲ್ಲಿ ನಾನು ಇನ್ನೊಂದು ಕೆಲಸ ಮಾಡಿದೆ: ಹೊಸ ಲ್ಯಾಪ್‌ಟಾಪಿನಲ್ಲಿ ಡಿ ಅಕ್ಷರವನ್ನು ತೆರವು ಮಾಡಿಸಿ, ಹಳೆಯ ಡಿ ಡ್ರೈವಿಗೆ ಮತ್ತೆ ಡಿ ಅಕ್ಷರವನ್ನೇ ಕೊಟ್ಟೆ. ಪುಟವಿನ್ಯಾಸದ ಫೈಲುಗಳು ದೊಡ್ಡ ಚಿತ್ರಗಳನ್ನು ಸಾಮಾನ್ಯವಾಗಿ ತಮ್ಮೊಳಗೆ ಇಟ್ಟುಕೊಳ್ಳುವುದಿಲ್ಲ, ಚಿತ್ರ ಯಾವ ಡ್ರೈವಿನ ಯಾವ ಫೋಲ್ಡರಿನಲ್ಲಿದೆ ಎಂಬ ವಿಳಾಸವನ್ನು ಇಟ್ಟುಕೊಳ್ಳುತ್ತವೆ. ಡಿ ಎಂದಿದ್ದುದು ಎಫ್ ಆದರೆ ಗಣಪತಿಯ ಚಿತ್ರವಿರಬೇಕಾದ ಕಡೆ ಬೂದು ಚೌಕ ಬರುತ್ತದೆ. ಅದೇ ಅಕ್ಷರ, ಅದೇ ದಾರಿ ಉಳಿಸಿಕೊಂಡರೆ ಇಪ್ಪತ್ತು ವರ್ಷದ ಹಿಂದಿನ ಪುಟವೂ ತನ್ನ ಚಿತ್ರಗಳನ್ನು ತಾನೇ ಹುಡುಕಿಕೊಳ್ಳುತ್ತದೆ. ಫೋಲ್ಡರುಗಳನ್ನು ಆರಿಸಿ ನಕಲು ಮಾಡಿದ್ದರೆ ಈ ದಾರಿಗಳೆಲ್ಲ ಕಡಿದುಹೋಗುತ್ತಿದ್ದವು.

ಇನ್ನು ಕನ್ನಡದ ಮಾತು. 2005ರ ಆಸುಪಾಸಿನ ಡಿಟಿಪಿ ಕೆಲಸವೆಲ್ಲ, ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಆದದ್ದಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ, ಅದಕ್ಕೂ ಮೊದಲಿನ ಬರಹ ಮುಂತಾದವುಗಳ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ನುಡಿಯಲ್ಲಿ ಬರೆದ ‘ಕನ್ನಡ’ ಎಂಬ ಪದವನ್ನು ತೆರೆದರೆ ಇಂಗ್ಲಿಷಿನ ‘ಪಿ’ಯಿಂದ ಆರಂಭವಾಗಿ, ನಡುವೆ ಪೌಂಡ್ ನಾಣ್ಯದ ಚಿಹ್ನೆ ಬಂದು, ತಲೆಯ ಮೇಲೆ ಗೀಟು ಹೊತ್ತ ‘ಎ’ಗಳು ತುಂಬಿದ ಅರ್ಥವಿಲ್ಲದ ಸಾಲು ಕಾಣುತ್ತದೆ. ಪೌಂಡ್ ಚಿಹ್ನೆ ಇರುವ ಜಾಗದಲ್ಲಿ ‘ನ’ ಕೂತಿರುತ್ತದೆ. ಅಂದರೆ ಫಾಂಟು ಕಳೆದರೆ ಫೈಲಿದ್ದೂ ಕನ್ನಡ ಕಳೆಯಿತು. ಕಾಕಾ ಅವರ ಪಟ್ಟಿಯ ನಾಲ್ಕು ಫೋಲ್ಡರುಗಳಲ್ಲಿ ಫಾಂಟ್ಸ್ ಫೋಲ್ಡರು ಇರಲಿಲ್ಲ. ಇರುವುದಾದರೂ ಹೇಗೆ? ಅದು ಸಿ ಡ್ರೈವಿನಲ್ಲಿ ವಿಂಡೋಸಿನ ಹೊಟ್ಟೆಯೊಳಗೆ ಇರುತ್ತದೆ, ಹತ್ತಾರು ವರ್ಷ ಕೆಲಸ ಮಾಡಿದವರಿಗೂ ಅದು ತಮ್ಮ ಸ್ವತ್ತು ಎಂದು ಅನ್ನಿಸಿರುವುದಿಲ್ಲ. ಇಡೀ ಡಿಸ್ಕು ಬಂದಿದ್ದರಿಂದ ಆ ಫಾಂಟುಗಳೂ, ಹಳೆಯ ಆವೃತ್ತಿಯ ನುಡಿಯೂ ಇದ್ದಲ್ಲಿಯೇ ಸಿಕ್ಕವು. ಹಳೆಯ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿಯಾಗಿವೆಯೇ ಎಂದು ತಾಳೆ ನೋಡಲು ಮೂಲ ಫಾಂಟಿನಲ್ಲಿ ಪುಟ ಕಣ್ಣೆದುರು ಇರಲೇಬೇಕು.

ನಡುವೆ ಒಂದು ಫೋಲ್ಡರು ಬಾಗಿಲು ತೆರೆಯಲಿಲ್ಲ. ಎಕ್ಸ್‌ಪಿಯಲ್ಲಿ ಅದನ್ನು ಕಾಕಾ ಅವರ ಹೆಸರಿನ ಖಾತೆಗೆ ಮಾತ್ರ ಮೀಸಲಿಟ್ಟಿದ್ದರು, ಹೊಸ ವಿಂಡೋಸ್ ಅನುಮತಿ ಬದಲಿಸಬೇಕೆನ್ನುತ್ತದೆ, ರೀಡ್ ಓನ್ಲಿ ಜೋಡಣೆಯಲ್ಲಿ ಬದಲಿಸಲು ಬರುವುದಿಲ್ಲ. ಇದಕ್ಕೆ ವಿಎಚ್‌ಡಿ ಮಾದರಿಯಲ್ಲಿಯೇ ಒಂದು ಸೊಗಸಾದ ವ್ಯವಸ್ಥೆಯಿದೆ, ಅದರ ಹೆಸರು ಡಿಫರೆನ್ಸಿಂಗ್ ಡಿಸ್ಕ್. ಡಿಸ್ಕ್‌ಪಾರ್ಟ್ ಎಂಬ ಆದೇಶದಿಂದ, ಇಂಥ ಫೈಲು ಇದರ ತಾಯಿ ಎಂದು ಹೇಳಿ ಮರಿ ವಿಎಚ್‌ಡಿಯೊಂದನ್ನು ಸೃಷ್ಟಿಸಿದರೆ, ನಾವು ಮಾಡುವ ಬದಲಾವಣೆಗಳೆಲ್ಲ ಮರಿಯಲ್ಲಿ ಮಾತ್ರ ದಾಖಲಾಗುತ್ತವೆ. ಓದುವಾಗ ತಾಯಿಯ ಮೇಲೆ ಮರಿಯನ್ನು ಹೊದಿಸಿ ಓದಲಾಗುತ್ತದೆ. ಕಾಕಾ ಅವರಿಗೆ ನಾನು ವಿವರಿಸಿದ್ದು ಹೀಗೆ: ಮೂಲ ಆರ್ಟ್‌ವರ್ಕ್ ಮೇಲೆ ಬಟರ್ ಪೇಪರ್ ಹಾಸಿ, ತಿದ್ದುಪಡಿಯನ್ನೆಲ್ಲ ಬಟರ್ ಪೇಪರಿನ ಮೇಲೆ ಬರೆದಂತೆ. ಬೇಡವೆನಿಸಿದರೆ ಮೇಲಿನ ಹಾಳೆ ತೆಗೆದರಾಯಿತು, ಕೆಳಗಿನದು ಶುಭ್ರವಾಗಿಯೇ ಇರುತ್ತದೆ. ತಾಯಿ ಫೈಲಿನಲ್ಲಿ ಒಂದಕ್ಷರ ಬದಲಾದರೂ ಮರಿ ನಿರರ್ಥಕವಾಗುವುದರಿಂದ ತಾಯಿಯನ್ನು ಮುಟ್ಟಬಾರದು, ಅಷ್ಟೇ.

ಇದೇ ಬಟರ್ ಪೇಪರ್ ಉಪಾಯದಿಂದ ಹಳೆಯ ಎಕ್ಸ್‌ಪಿಯನ್ನೇ ವರ್ಚುವಲ್‌ಬಾಕ್ಸ್‌ನಲ್ಲಿ ಎಬ್ಬಿಸಲು ಪ್ರಯತ್ನಿಸಿದೆ. ಮೊದಲ ಸಲ ಡಿಸ್ಕನ್ನು ಐಡಿಇಯ ನಂತರದ ಮಾದರಿಯಾದ ಸಾಟಾ ಕಂಟ್ರೋಲರಿಗೆ ಜೋಡಿಸಿದ್ದರಿಂದ ನೀಲಿ ಪರದೆ ಬಂತು, ಏಕೆಂದರೆ ಎಕ್ಸ್‌ಪಿಗೆ ಅದರ ಚಾಲಕ ಗೊತ್ತಿಲ್ಲ. ಐಡಿಇಗೆ ಬದಲಿಸಿದಾಗ ಎದ್ದು ಬಂತು. ಯಂತ್ರ ಬದಲಾದುದನ್ನು ಕಂಡು ಎಕ್ಸ್‌ಪಿ ಮತ್ತೆ ಆಕ್ಟಿವೇಶನ್ ಕೇಳುವುದುಂಟು, ಆದ್ದರಿಂದ ಹಳೆಯ ಸಿಪಿಯು ಮೇಲೆ ಅಂಟಿಸಿದ, ವಿಂಡೋಸಿನ ಕೀ ಸಂಖ್ಯೆಯಿರುವ ಚೀಟಿಯ ಫೋಟೊ ಇಟ್ಟುಕೊಂಡಿರುವುದು ಒಳ್ಳೆಯದು. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿದಿದೆ, ಹಾಗಾಗಿ ಈ ವರ್ಚುವಲ್ ಯಂತ್ರದ ನೆಟ್‌ವರ್ಕ್ ಕಾರ್ಡನ್ನು ನಾನು ತೆಗೆದೇ ಹಾಕಿದ್ದೇನೆ. ಅದು ಇಂಟರ್ನೆಟ್ಟಿಗೆ ಹೋಗುವ ಅಗತ್ಯವೇ ಇಲ್ಲ. ಕಾಕಾ ತಮ್ಮ ಹಳೆಯ ಡೆಸ್ಕ್‌ಟಾಪ್ ಲ್ಯಾಪ್‌ಟಾಪಿನ ಒಳಗೊಂದು ಚೌಕಟ್ಟಿನಲ್ಲಿ ಕಾಣಿಸಿದಾಗ ಏನೂ ಹೇಳಲಿಲ್ಲ. ಪುಟವಿನ್ಯಾಸದ ಪೇಜ್‌ಮೇಕರ್ ತೆರೆದು, 2007ರ ಒಂದು ಲಗ್ನಪತ್ರಿಕೆ ತೆಗೆದು, ಕೆ. ಪಿ. ರಾವ್ ವಿನ್ಯಾಸದ ಆ ಕನ್ನಡ ಕೀಲಿಮಣೆಯಲ್ಲಿ, ನೋಡದೆಯೇ, ‘ತಮ್ಮ ಆಗಮನಾಭಿಲಾಷಿಗಳು’ ಎಂದು ಹೊಡೆದು ನೋಡಿದರು.

ಫೈಲಾಗಿ ಬಾರದೆ ಉಳಿಯುವುದೂ ಒಂದಿದೆ. ಆ ಕಾಲದ ಕೆಲವು ಕನ್ನಡ ತಂತ್ರಾಂಶಗಳು ಪ್ರಿಂಟರಿನ ಬಾಯಿಗೆ ಸಿಕ್ಕಿಸುವ ಹಾರ್ಡ್‌ವೇರ್ ಲಾಕ್ ಇಲ್ಲದೆ ತೆರೆಯುತ್ತಿರಲಿಲ್ಲ. ಅದು ಡಿಸ್ಕಿನಲ್ಲಿಲ್ಲ, ಆದ್ದರಿಂದ ವಿಎಚ್‌ಡಿಯಲ್ಲಿಯೂ ಇರುವುದಿಲ್ಲ. ಹಳೆಯ ಸಿಪಿಯುವನ್ನು ಗುಜರಿಗೆ ಕೊಡುವವರು ಹಿಂಬದಿಯಲ್ಲಿ ಬೆರಳುದ್ದದ ಅಂಥ ತುಂಡೊಂದು ಅಂಟಿಕೊಂಡಿದೆಯೇ ಎಂದು ನೋಡಿ, ಬಿಚ್ಚಿ ಇಟ್ಟುಕೊಳ್ಳಬೇಕು.

ಓದಲಾಗದೆ ಹೋದ 48 ಕೆಬಿಯ ಪೆಟ್ಟು ಚಿತ್ರ ಬರೆಯುವ ತಂತ್ರಾಂಶವಾದ ಕೊರೆಲ್ ಡ್ರಾದ ಒಂದು ಫೈಲಿನ ಮೇಲೆ ಬಿದ್ದಿತ್ತು. ಅದು ಮಹಿಳಾ ಸ್ವಸಹಾಯ ಸಂಘವೊಂದರ ಲಾಂಛನ. ಅದರಲ್ಲಿ ಕಿನ್ನಾಳದ ಗೊಂಬೆಯ ಮುಖವೊಂದನ್ನು ಕಾಕಾ ತಾವೇ ಗೆರೆ ಗೆರೆಯಾಗಿ ಬರೆದಿದ್ದರು. ಫೈಲು ತೆರೆಯಲಿಲ್ಲ. ಆದರೆ ಕೊರೆಲ್ ಡ್ರಾ ಪ್ರತಿ ಸಲ ಉಳಿಸುವಾಗಲೂ ಹಿಂದಿನ ರೂಪವನ್ನು ‘ಬ್ಯಾಕಪ್ ಆಫ್’ ಎಂಬ ಮಾತು ಸೇರಿಸಿ ಅದೇ ಫೋಲ್ಡರಿನಲ್ಲಿ ಇಟ್ಟಿರುತ್ತದೆ, ಆ ಫೈಲು ಸುರಕ್ಷಿತವಾಗಿತ್ತು. ಆರಿಸಿ ನಕಲು ಮಾಡುವವರು ಜಾಗ ಉಳಿಸಲೆಂದು ಮೊದಲು ಬಿಡುವುದು ಇಂಥ ಫೈಲುಗಳನ್ನೇ. ಗೊಂಬೆಯ ಬಲಗಿವಿಯ ಓಲೆಯೊಂದು ಮಾತ್ರ ಆ ಹಿಂದಿನ ರೂಪದಲ್ಲಿ ಇರಲಿಲ್ಲ, ಅದನ್ನು ಕಾಕಾ ಮತ್ತೆ ಬರೆದರು.

ಜೂನ್ ತಿಂಗಳಲ್ಲಿ ಹಿರಿಯರೊಬ್ಬರು ಬಂದು, ತೀರಿಹೋದ ತಮ್ಮ ಅವ್ವನ ಶ್ರದ್ಧಾಂಜಲಿ ಪತ್ರಿಕೆಗೆ ಹತ್ತು ವರ್ಷದ ಹಿಂದೆ ಕೊಟ್ಟಿದ್ದ ಫೋಟೊ ಇದೆಯೇ ಎಂದು ವಿಚಾರಿಸಿದರು. ಮೂಲ ಫೋಟೊ ಮನೆಯಲ್ಲಿ ಮಳೆ ನೀರಿಗೆ ಹಾಳಾಗಿತ್ತು. ಕಾಕಾ ಬರೆದುಕೊಟ್ಟ ನಾಲ್ಕು ಫೋಲ್ಡರುಗಳಲ್ಲಿ ಅದು ಇರಲಿಲ್ಲ. ವಿಎಚ್‌ಡಿಯನ್ನು ಜೋಡಿಸಿ, ಆ ವರ್ಷದ ದಿನಾಂಕ ಹಾಕಿ ಹುಡುಕಿದಾಗ, ಸ್ಕ್ಯಾನರು ತನ್ನ ಪಾಡಿಗೆ ತಾನು ಇಟ್ಟುಕೊಂಡಿದ್ದ, ‘ನ್ಯೂ ಫೋಲ್ಡರ್ 3’ ಎಂಬ ಹೆಸರಿನ ಫೋಲ್ಡರಿನಲ್ಲಿ ಸಿಕ್ಕಿತು, ಕತ್ತರಿಸದ ಪೂರ್ಣ ಅಳತೆಯಲ್ಲಿ. “ಐತಿ ನೋಡ್ರಿ, ಕುಂದರ್ರಿ” ಎಂದು ಕಾಕಾ ಅವರಿಗೆ ಕುರ್ಚಿ ಸರಿಸಿದರು.

ಇಂಥವು ಇರುವುದರಿಂದಲೇ ಈ ಫೈಲಿನ ಮೇಲೆ ಎಚ್ಚರವೂ ಇರಬೇಕು. ಅಂಗಡಿಯ ಡಿಸ್ಕಿನಲ್ಲಿ ಊರ ಮಂದಿಯ ಅಂಕಪಟ್ಟಿ, ಅಫಿಡವಿಟ್, ಗುರುತಿನ ಚೀಟಿಗಳ ಸ್ಕ್ಯಾನ್ ಇರುತ್ತವೆ, ಮತ್ತು ಸೆಕ್ಟರ್ ಸೆಕ್ಟರಾಗಿ ತೆಗೆದ ನಕಲಿನಲ್ಲಿ ಎಂದೋ ಅಳಿಸಿದ ಫೈಲುಗಳ ಅವಶೇಷವೂ ಬಂದಿರುತ್ತದೆ. ನಾವು ಎರಡು ಪ್ರತಿ ಇಟ್ಟಿದ್ದೇವೆ, ಎರಡೂ ಪಾಸ್‌ವರ್ಡ್ ಹಾಕಿ ಗೂಢಲಿಪೀಕರಿಸಿದ ಡಿಸ್ಕುಗಳಲ್ಲಿವೆ. ಒಂದು ಅಂಗಡಿಯ ತಿಜೋರಿಯಲ್ಲಿ, ಇನ್ನೊಂದು ನನ್ನ ಬಳಿ ಗಂಗಾವತಿಯಲ್ಲಿ. ಹಳೆಯ ಐಡಿಇ ಡಿಸ್ಕನ್ನು ಗುಜರಿಗೆ ಕೊಟ್ಟಿಲ್ಲ. ಅದರ ಜಂಪರನ್ನು ಟೇಪಿನಿಂದ ಮೈಗೆ ಅಂಟಿಸಿ, ನಕಲು ತೆಗೆದ ದಿನಾಂಕ ಬರೆದು, ಲಗ್ನಪತ್ರಿಕೆಗಳ ಖಾಲಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ದೀಪಾವಳಿಗೆ ಊರಿಗೆ ಹೋದಾಗ ಎರಡೂ ಪ್ರತಿಗಳ ಮೊತ್ತವನ್ನು ದಿನಚರಿಯಲ್ಲಿರುವ 64 ಅಕ್ಷರಗಳೊಂದಿಗೆ ಮತ್ತೊಮ್ಮೆ ತಾಳೆ ನೋಡುವುದಿದೆ.